ಅಜ್ಜನ ಹಾಲ್ ಟಿಕೆಟ್

ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿರುವ ಕರ್ನಾಟಕ ವಿಶ್ವವಿದ್ಯಾಲಯದಿಂದ ವರ್ಷ ವರ್ಷವೂ ಎಷ್ಟೋ ಜನ ಪಿಎಚ್.ಡಿ. ಪಡೆದು ಹೊರಬರುತ್ತಾರೆ. ಅವರ ಹೆಸರು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದರೆ ಹೆಚ್ಚು. ಆದರೆ 2024ರ ಆರಂಭದಲ್ಲಿ ಅಲ್ಲಿಂದ ಬಂದ ಒಂದು ಪಿಎಚ್.ಡಿ. ರಾಜ್ಯದಾಚೆಗೂ ಸುದ್ದಿಯಾಯಿತು. ಪದವಿ ಪಡೆದವರು ಧಾರವಾಡದ ಮಾರ್ಕಂಡೇಯ ದೊಡಮನಿ. ವಿಷಯ, ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯ. ಪದವಿ ಕೈಗೆ ಬಂದಾಗ ಅವರ ವಯಸ್ಸು 89!

ಸುದ್ದಿ ಓದಿದವರೆಲ್ಲ ಆ 89ನ್ನೇ ನೋಡಿ ಬೆರಗಾದರು. ಬೆರಗಾಗಬೇಕಾದ ಅಂಕಿ ಇನ್ನೊಂದಿತ್ತು. ಈ ಪದವಿಗಾಗಿ ಅವರು ದುಡಿದದ್ದು 18 ವರ್ಷ. ಲೆಕ್ಕ ಹಾಕಿದರೆ, ಕೆಲಸ ಶುರುವಾದಾಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ನಮ್ಮ ಕಡೆಯ ಹಿರಿಯರು ಏನು ಮಾಡುತ್ತಾರೆ? ಬೆಳಿಗ್ಗೆ ಒಂದು ಸುತ್ತು ತಿರುಗಾಟ, ಪೇಪರು, ಬಿ.ಪಿ. ಗುಳಿಗೆ, ಸಂಜೆ ಗುಡಿಯ ಕಟ್ಟೆ. ಇದನ್ನು ಯಾರೂ ತಪ್ಪೆನ್ನುವುದಿಲ್ಲ, ದುಡಿದು ದಣಿದವರಿಗೆ ವಿಶ್ರಾಂತಿ ಬೇಕೇ ಬೇಕು. ಆದರೆ ಎಪ್ಪತ್ತೊಂದರಲ್ಲಿ ಒಬ್ಬರು ಸಂಶೋಧನೆಗೆ ಕೈ ಹಾಕುತ್ತಾರೆಂದರೆ, ಅದೂ ಬೆರಳೆಣಿಕೆಯ ವಚನಗಳು ಮಾತ್ರ ಉಳಿದಿರುವ ಒಬ್ಬ ಶರಣನ ಬೆನ್ನು ಹತ್ತುತ್ತಾರೆಂದರೆ, ಅದಕ್ಕೆ ಬೇರೆಯೇ ಗುಂಡಿಗೆ ಬೇಕು.

ಕಕ್ಕಯ್ಯ ಚರ್ಮ ಹದಮಾಡುವ ಕಾಯಕದವನು. ಕಲ್ಯಾಣದ ಗಲಭೆಯ ನಂತರ ಶರಣರನ್ನು ಕಾಪಾಡುವ ಕಾದಾಟದಲ್ಲಿ ಮಡಿದನೆಂದೂ, ಖಾನಾಪುರ ತಾಲ್ಲೂಕಿನ ಕಕ್ಕೇರಿಯೇ ಆತನ ಐಕ್ಯಸ್ಥಳವೆಂದೂ ಪರಂಪರೆ ನಂಬಿಕೊಂಡು ಬಂದಿದೆ. ಇಂಥವನ ಮೇಲೆ ಬರೆದ ಪ್ರಬಂಧ ನೌಕರಿ ಕೊಡುವುದಿಲ್ಲ, ಬಡ್ತಿ ಕೊಡುವುದಿಲ್ಲ. 89ರಲ್ಲಿ ಅದು ಬೇಕಾಗಿಯೂ ಇಲ್ಲ. ಹಾಗಾದರೆ ಬೇಕಾಗಿದ್ದೇನು? ಈ ಪ್ರಶ್ನೆಯನ್ನು ಡಿಗ್ರಿ ಓದುವ ಹುಡುಗ ಹುಡುಗಿಯರೂ ಅವರ ತಂದೆತಾಯಿಗಳೂ ಒಂದು ಗಳಿಗೆ ತಮ್ಮ ಮನೆಯೊಳಗೇ ಕೇಳಿಕೊಳ್ಳುವುದು ಒಳ್ಳೆಯದು. ಏಕೆಂದರೆ ಇಂಥ ಆಸೆ ಇಟ್ಟುಕೊಂಡ ಅಜ್ಜನೋ ಅಜ್ಜಿಯೋ ಪಕ್ಕದ ಕೋಣೆಯಲ್ಲೇ ಇರಬಹುದು.

ಅರಳು ಮರಳು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಗಾದೆ. 'ಅರವತ್ತಕ್ಕೆ ಅರಳು ಮರಳು' ಎಂದು ಇನ್ನೊಂದು. ಎರಡೂ ವಯಸ್ಸಾದವರನ್ನು ಮೂಲೆಯಲ್ಲಿ ಕೂರಿಸುವ ಮಾತುಗಳೇ. ಆದರೆ ಧಾರವಾಡದ ಸಾಧನಕೇರಿಯ ಕವಿ ಎರಡನೆಯದನ್ನು ತಲೆಕೆಳಗು ಮಾಡಿಟ್ಟರು. ದ. ರಾ. ಬೇಂದ್ರೆ ಅರವತ್ತು ದಾಟುತ್ತಿದ್ದಂತೆ ಬಂದ ತಮ್ಮ ಕವನ ಸಂಕಲನಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಬುದ್ಧಿ ಮಂಕಾಗುವುದೆಂಬ ಅರ್ಥ ಹೋಗಿ, ಮರಳಿ ಅರಳುವುದೆಂಬ ಅರ್ಥ ಬಂತು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ಬೇಂದ್ರೆಯವರ ಬಗ್ಗೆ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದಿದೆ. ಅವರು ಬಿ.ಎ. ಮುಗಿಸಿದ್ದು 1918ರಲ್ಲಿ. ಎಂ.ಎ. ಮಾಡಿದ್ದು 1935ರಲ್ಲಿ! ನಡುವೆ ಹದಿನೇಳು ವರ್ಷ. ಅಷ್ಟರಲ್ಲಿ ಸಂಸಾರ, ಮಾಸ್ತರಿಕೆ, 'ನರಬಲಿ' ಕವಿತೆಗಾಗಿ ಸೆರೆವಾಸ, ಕೆಲಸವಿಲ್ಲದ ದಿನಗಳು ಎಲ್ಲ ಆಗಿಹೋಗಿದ್ದವು. 39ನೇ ವಯಸ್ಸಿನಲ್ಲಿ, ಆಗಲೇ ನಾಡಿನ ದೊಡ್ಡ ಕವಿ ಎನಿಸಿಕೊಂಡಿದ್ದವರು ಮತ್ತೆ ಪರೀಕ್ಷೆಗೆ ಕೂತರು. 1944ರಲ್ಲಿ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ ಬೆನ್ನಿಗಿದ್ದದ್ದು ಆ ತಡವಾದ ಎಂ.ಎ.

ಅದೇ ಊರಿನ ಇನ್ನೊಬ್ಬ ಮಾಸ್ತರರು ಪರೀಕ್ಷೆಯ ಗೊಡವೆಗೇ ಹೋಗಲಿಲ್ಲ. ಶಂ. ಬಾ. ಜೋಶಿ ಕಾಲೇಜಿನ ಪದವಿ ಇಲ್ಲದ ಶಾಲಾಮಾಸ್ತರರು. ಬೇಂದ್ರೆಯವರು ಹುಟ್ಟಿದ 1896ರಲ್ಲೇ ಹುಟ್ಟಿದವರು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ ಅಕಾಡೆಮಿ ಪ್ರಶಸ್ತಿ ಬಂದಾಗ, ಅಂದರೆ 1970ರಲ್ಲಿ, ಅವರಿಗೆ ಎಪ್ಪತ್ತನಾಲ್ಕು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ ಕಲಿತವರ ಪುಸ್ತಕವನ್ನು ವಿಶ್ವವಿದ್ಯಾಲಯದಲ್ಲಿ ಕಲಿತವರು ಓದಬೇಕಾಯಿತು. ಹೀಗೆ ಪದವಿ ಬೇಕೆನ್ನುವ ಹಾದಿ, ಪದವಿ ಬೇಡವೆನ್ನುವ ಹಾದಿ ಎರಡೂ ಧಾರವಾಡಕ್ಕೆ ಹಳೆಯವೇ.

ಯಾರಿಗೆ ಬೇಕು, ಯಾಕೆ ಬೇಕು?

ಇಂದು ಎಂಬತ್ತರ ಆಸುಪಾಸಿನಲ್ಲಿರುವವರು ಹುಟ್ಟಿದ ಕಾಲಕ್ಕೆ ಈ ಭಾಗದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಬಂದಿತ್ತು ನಿಜ, ಪದವಿ ಮಾತ್ರ ಮುಂಬೈಯಿಂದಲೇ ಬರಬೇಕು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಕಾನೂನಾಗಿ, ಮೊದಲು ಮುಂಬೈಯಲ್ಲೇ ಕೆಲಸ ಆರಂಭಿಸಿ, 1950ರಲ್ಲಿ ಧಾರವಾಡಕ್ಕೆ ಬಂತು. ಆಮೇಲೂ ಕಾಲೇಜು ಮೆಟ್ಟಿಲು ಹತ್ತಿದವರು ಎಷ್ಟು ಜನ? ಮೆಟ್ರಿಕ್ ಆದೊಡನೆ ಟಿ.ಸಿ.ಎಚ್. ಮಾಡಿ ಮಾಸ್ತರಿಕೆಗೆ, ಇಲ್ಲವೆ ರೇಲ್ವೆಗೆ, ಅಂಚೆ ಕಚೇರಿಗೆ, ಗಿರಣಿಗೆ ಸೇರಿದವರೇ ಹೆಚ್ಚು. ಮನೆಯಲ್ಲಿ ತಮ್ಮ ತಂಗಿಯರ ಸಾಲಿತ್ತು. ಓದುವ ಆಸೆಯನ್ನು ಗಂಟು ಕಟ್ಟಿ ಅಟ್ಟದ ಮೇಲಿಟ್ಟು ಮೂವತ್ತೈದು ವರ್ಷ ಚಾಕರಿ ಮಾಡಿದರು.

ಹೆಣ್ಣುಮಕ್ಕಳ ಕಥೆ ಇನ್ನೊಂದು ತೆರ. ಪಿ.ಯು.ಸಿ. ಓದುವಾಗಲೇ ವರ ಬಂದ. "ಉಳಿದಿದ್ದು ಗಂಡನ ಮನ್ಯಾಗ ಓದಬಹುದು" ಎಂದು ಹಿರಿಯರು ಮಾತು ಕೊಟ್ಟರು. ಆ ಮಾತು ಎಷ್ಟು ಮನೆಗಳಲ್ಲಿ ಉಳಿಯಿತೋ ಹೇಳುವುದು ಬೇಡ. ಮಕ್ಕಳ ಓದು, ಮೊಮ್ಮಕ್ಕಳ ಟಿಫಿನ್ ಡಬ್ಬಿ ಎಲ್ಲ ಮುಗಿದ ಮೇಲೆ ಅರವತ್ತೆರಡರಲ್ಲಿ ಒಬ್ಬ ತಾಯಿ "ನಾ ಬಿ.ಎ. ಫಾರ್ಮ್ ತುಂಬಲೇನು?" ಎಂದು ಕೇಳಿದರೆ, ಅದು ಹೊಸ ಹುಚ್ಚಲ್ಲ. ನಲವತ್ತು ವರ್ಷದ ಹಳೆಯ ಬಾಕಿ.

ಮೂರನೆಯ ಗುಂಪು ಈಚಿನದು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಅರವತ್ತಕ್ಕೆ ಮಾಲೆ ಹಾಕಿಸಿಕೊಂಡು ಮನೆಗೆ ಬರುವವರು ಇವತ್ತು ಗಟ್ಟಿಯಾಗೇ ಇರುತ್ತಾರೆ. ಅವರ ಮುಂದೆ ಇನ್ನೂ ಹದಿನೈದು ಇಪ್ಪತ್ತು ವರ್ಷ ಉದ್ದಕ್ಕೆ ಬಿದ್ದಿರುತ್ತದೆ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮೇಲಿದ್ದರು. ಧಾರವಾಡವನ್ನಂತೂ ಪಿಂಚಣಿದಾರರ ಊರೆಂದೇ ಜನ ಕರೆಯುತ್ತ ಬಂದಿದ್ದಾರೆ. ಸಣ್ಣ ಮಳೆ, ಗಿಡಮರ, ಪೇಢೆ, ಭಾಷಣ: ನಿವೃತ್ತರಿಗೆ ಇನ್ನೇನು ಬೇಕು? ಒಂದು ತರಗತಿ ಬೇಕು ಎನ್ನುವವರೂ ಇದ್ದಾರೆಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಮನೆಯಲ್ಲಿ ಈ ಮಾತು ಬಂದಾಗ ಏಳುವ ತಕರಾರುಗಳು ಎಲ್ಲ ಕಡೆಯೂ ಒಂದೇ. "ಈ ವಯಸ್ಸಿನ್ಯಾಗ ನಿಮಗ್ಯಾಕ್ರೀ ಈ ಉಸಾಬರಿ? ಸುಮ್ನ ಆರಾಮ ಇರ್ರಿ" ಎಂದು ಮಗ. "ಓದಿ ಏನ್ ಮಾಡ್ತೀ ಅಜ್ಜಾ, ನಿನಗ್ಯಾರು ನೌಕರಿ ಕೊಡ್ತಾರ?" ಎಂದು ಮೊಮ್ಮಗ. ಸೊಸೆ ಬಾಯಿಬಿಟ್ಟು ಏನೂ ಅನ್ನದಿದ್ದರೂ, ಸಂಪರ್ಕ ತರಗತಿಯ ದಿನ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಚಿಂತೆ ಆಕೆಗಿರುತ್ತದೆ. ಮೇಲಾಗಿ ಖರ್ಚು. ಮೊಮ್ಮಗಳ ಕಾಲೇಜು ಫೀ ಕಟ್ಟಲು ಪಿಂಚಣಿ ಕೈಯಾಸರೆಯಾಗಿರುವ ಮನೆಯಲ್ಲಿ ಅಜ್ಜನ ಫೀ ದಂಡವೆನಿಸಿದರೆ ಆಶ್ಚರ್ಯವಿಲ್ಲ. ಇವೆಲ್ಲ ನಿಜವಾದ ತೊಡಕುಗಳೇ. ಹಿರಿಯರ ಆಸೆ ದೊಡ್ಡದೆಂದು ಹೇಳಿ ಅವನ್ನು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಆದರೆ ಇದೇ ಮನೆಯಲ್ಲಿ ಅದೇ ಪಿಂಚಣಿಯಿಂದ ತೀರ್ಥಯಾತ್ರೆಗೆ ಹೊರಟರೆ ಯಾರೂ "ಯಾಕೆ" ಎನ್ನುವುದಿಲ್ಲ ಎಂಬುದನ್ನೂ ಹೇಳಬೇಕು.

ಯಾವ ಬಾಗಿಲು ತೆರೆದಿದೆ?

ವಯಸ್ಸಾದವರಿಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು ಮುಕ್ತ ವಿಶ್ವವಿದ್ಯಾಲಯದ್ದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮೂಲಕ ಶಿಕ್ಷಣ ಆರಂಭಿಸಿತು. ಆ ಬೇರಿನಿಂದಲೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎಂಬುದು ಅದರ ಘೋಷಣೆ. ಧಾರವಾಡದಲ್ಲೇ ಅದರ ಪ್ರಾದೇಶಿಕ ಕೇಂದ್ರವಿರುವುದರಿಂದ ಹುಬ್ಬಳ್ಳಿಯವರು ಇದಕ್ಕಾಗಿ ಮೈಸೂರಿನವರೆಗೆ ಅಲೆಯಬೇಕಿಲ್ಲ. ಪಿ.ಯು.ಸಿ. ಆಗಿದ್ದರೆ ಬಿ.ಎ., ಬಿ.ಕಾಂ.; ಪದವಿ ಇದ್ದರೆ ಎಂ.ಎ. ಗರಿಷ್ಠ ವಯಸ್ಸಿನ ಕಟ್ಟಿಲ್ಲ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬಹುದು. ಪಾಠದ ಪುಸ್ತಕ ಕೈಗೆ ಸಿಗುತ್ತದೆ. ಮನೆಯಲ್ಲಿ ಓದಿ, ನಿಯೋಜಿತ ಬರಹ ಒಪ್ಪಿಸಿ, ಪರೀಕ್ಷೆ ಬರೆದರಾಯಿತು.

ಈ ವಿಶ್ವವಿದ್ಯಾಲಯದ ಮೇಲೆ ಒಂದು ಕಪ್ಪು ಕಾಲ ಕವಿದದ್ದನ್ನು ತಂದೆತಾಯಿಗಳು ಮರೆತಿರಲಾರರು. ಹೊರರಾಜ್ಯಗಳಲ್ಲಿ ಕೇಂದ್ರ ತೆರೆದ ವಿವಾದದಿಂದ, 2013-14ರ ನಂತರದ ಅದರ ಕೋರ್ಸುಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯು.ಜಿ.ಸಿ.ಯ, ಮಾನ್ಯತೆ ಇಲ್ಲದಂತಾಯಿತು. ಸಾವಿರಾರು ಜನರ ಪದವಿ ಕಾಗದದ ತುಂಡಾಗುವ ಭಯ ಹುಟ್ಟಿತು. 2018ರಲ್ಲಿ ಮಾನ್ಯತೆ ಮರಳಿತು. ಆ ಐದು ವರ್ಷದ ಪೆಟ್ಟು ನೌಕರಿಗಾಗಿ ಓದಿದ ಕಿರಿಯರಿಗೆ ಬಲವಾಗಿ ಬಿತ್ತು. ಬಡ್ತಿಯ ಚಿಂತೆ ಇಲ್ಲದ ಹಿರಿಯರಿಗೆ ಅಷ್ಟಾಗಿ ತಾಗಲಿಲ್ಲ. ಆದರೂ ಬೆಳಗಿನ ಜಾವ ಎದ್ದು ಓದಿದವರಿಗೆ, ತಮ್ಮ ಓದು ಲೆಕ್ಕಕ್ಕಿಲ್ಲವೆಂಬ ಮಾತು ಎಷ್ಟು ನೋವು ಕೊಟ್ಟೀತೆಂದು ಊಹಿಸಬಹುದು. ಅದಕ್ಕೇ ಅರ್ಜಿ ಹಾಕುವ ಮುನ್ನ, ಬೇಕಾದ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂದು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು, ಕೋರ್ಸಿನ ಹೆಸರೂ ಇರಬೇಕು.

1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಇನ್ನೊಂದು ಬಾಗಿಲು. ಹೆಚ್ಚಾಗಿ ಇಂಗ್ಲಿಷ್, ಹಿಂದಿ. ವಿಜಯಪುರದಲ್ಲಿ ಎಂಬತ್ತು ದಾಟಿದ ನಿವೃತ್ತರೊಬ್ಬರು ಅದರ ಎಂ.ಎ. ಇಂಗ್ಲಿಷ್ ಪರೀಕ್ಷೆಗೆ ಕೂತದ್ದು ಕೆಲವೇ ವರ್ಷಗಳ ಹಿಂದಿನ ಸುದ್ದಿ. ದೇಶದಲ್ಲಿ ಇದಕ್ಕೂ ಮೀರಿದ ಉದಾಹರಣೆ ಬಿಹಾರದ್ದು. 1938ರಲ್ಲಿ ಪದವೀಧರರಾಗಿದ್ದ ರಾಜಕುಮಾರ ವೈಶ್ಯ ಎಂಬ ಹಿರಿಯರು ನಳಂದಾ ಮುಕ್ತ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದ ಎಂ.ಎ. ಪಾಸಾದದ್ದು 2017ರಲ್ಲಿ, 98ರ ಹತ್ತಿರದ ವಯಸ್ಸಿನಲ್ಲಿ. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ರ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಎರಡು ಅಂಕ ಎಲ್ಲಿ ಹೋಯಿತೆಂದು ನಮ್ಮ ಕೆಲವು ತಂದೆತಾಯಿಗಳು ಕೇಳಿದರೂ ಕೇಳಿಯಾರು!

ಸಂಶೋಧನೆಯ ಬಾಗಿಲಿಗೂ ವಯಸ್ಸಿನ ಅಗಳಿ ಇಲ್ಲ. ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು, ಪ್ರವೇಶ ಪರೀಕ್ಷೆ, ಕೋರ್ಸ್ ವರ್ಕ್ ಮುಗಿಸಬೇಕು. ಅಂಚೆ ಮೂಲಕ ಪಿಎಚ್.ಡಿ. ಮಾಡುವಂತಿಲ್ಲ, ಆದರೆ ಅರೆಕಾಲಿಕವಾಗಿ ಮಾಡಬಹುದು. ನೌಕರಿಯಲ್ಲಿರುವವರು ಮೇಲಧಿಕಾರಿಯ ಒಪ್ಪಿಗೆ ಪತ್ರ ತರಬೇಕು. ನಿವೃತ್ತರಿಗೆ ಆ ತಾಪತ್ರಯವಿಲ್ಲ. ಇಲ್ಲೊಂದು ತಮಾಷೆ ಇದೆ. ಯು.ಜಿ.ಸಿ.ಯ 2022ರ ನಿಯಮದಂತೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವ ಪ್ರಾಧ್ಯಾಪಕರು ಹೊಸ ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ. ನಿವೃತ್ತರಾದ ಮೇಲೆ ಸಹಮಾರ್ಗದರ್ಶಕರಾಗಿ ಉಳಿದರೂ ಎಪ್ಪತ್ತಕ್ಕೆ ಅದೂ ಮುಗಿಯಿತು. ಅಂದರೆ ಶಿಷ್ಯನಿಗೆ ವಯಸ್ಸಿನ ಮಿತಿ ಇಲ್ಲ, ಗುರುವಿಗಿದೆ! ಎಂಬತ್ತರ ವಿದ್ಯಾರ್ಥಿಗೆ ತನ್ನ ಮಗನ ವಯಸ್ಸಿನವರೇ ಗುರುಗಳಾಗಬೇಕು. ನಮ್ಮ ಕಡೆ ಗುರುವಿಗೆ ಕಾಲು ಮುಟ್ಟಿ ನಮಸ್ಕರಿಸುವ ರೂಢಿ. ಯಾರ ಕಾಲಿಗೆ ಯಾರು ಬೀಳಬೇಕೆಂಬುದನ್ನು ಯು.ಜಿ.ಸಿ. ಹೇಳಿಲ್ಲ.

ಅದೇ ನಿಯಮದಲ್ಲಿ ತಮಾಷೆಯಲ್ಲದ ಸಂಗತಿಯೂ ಒಂದಿದೆ. ಪಿಎಚ್.ಡಿ.ಯನ್ನು ಈಗ ಆರು ವರ್ಷದೊಳಗೆ ಮುಗಿಸಬೇಕು. ಮರುನೋಂದಣಿಯಿಂದ ಇನ್ನೆರಡು ವರ್ಷ, ಮಹಿಳೆಯರಿಗೆ ಒಟ್ಟು ಹತ್ತು ವರ್ಷದವರೆಗೆ. ಸಂಶೋಧನೆಯ ಹೆಸರಿನಲ್ಲಿ ವರ್ಷಗಟ್ಟಲೆ ಕಾಲ ತಳ್ಳುವವರಿಗೆ ಇದು ಬೇಕಾಗಿದ್ದ ಲಗಾಮೇ ಸರಿ. ಆದರೆ ನೋಂದಾಯಿಸಿಕೊಂಡು ಹದಿನೆಂಟು ವರ್ಷ ನಿಧಾನವಾಗಿ ಅಗೆಯುವ ಅವಕಾಶ ಇನ್ನು ಮುಂದೆ ಯಾವ ಹಿರಿಯರಿಗೂ ಇಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ತಿಂಗಳು, ಮಂಡಿ ನೋವಿಗೆ ಆರು ತಿಂಗಳು ಬಿಟ್ಟು ಓದುವವರ ಗಡಿಯಾರ ಬೇರೆ. ಅದನ್ನು ನಿಯಮ ಮಾಡುವವರು ಒಮ್ಮೆ ನೆನೆಯಬೇಕಾಗಿತ್ತು.

ಸೀಟಿನ ಪ್ರಶ್ನೆ

ವಿದ್ಯಾರ್ಥಿಗಳ ಮನಸ್ಸಿನಲ್ಲಿರುವ ಒಂದು ಮಾತನ್ನು ಬಾಯಿಬಿಟ್ಟೇ ಹೇಳಬೇಕು. ಹಿರಿಯರು ಬಂದು ಸೀಟು ಹಿಡಿದರೆ ಕಿರಿಯರ ಗತಿ ಏನು?

ಈ ಪ್ರಶ್ನೆ ಬರೀ ಕಲ್ಪನೆಯದಲ್ಲ. ಒಡಿಶಾದಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನೀಟ್ ಪರೀಕ್ಷೆ ಪಾಸಾಗಿ 2020ರಲ್ಲಿ, 64ನೇ ವಯಸ್ಸಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಸೇರಿದರು. 2022ರಲ್ಲಿ ನೀಟ್‌ನ ಗರಿಷ್ಠ ವಯೋಮಿತಿಯನ್ನೇ ತೆಗೆದುಹಾಕಲಾಯಿತು. ಅವರ ಛಲಕ್ಕೆ ಕೈಮುಗಿಯಬೇಕು. ಆದರೆ ಒಂದೊಂದು ಎಂ.ಬಿ.ಬಿ.ಎಸ್. ಸೀಟಿಗಾಗಿ ಲಕ್ಷಗಟ್ಟಲೆ ಮಕ್ಕಳು ಹೆಣಗುವಾಗ, ಸರ್ಕಾರಿ ಹಣದಲ್ಲಿ ತಯಾರಾಗುವ ವೈದ್ಯ ಎಷ್ಟು ವರ್ಷ ರೋಗಿಗಳ ಸೇವೆ ಮಾಡಬಲ್ಲ ಎಂದು ಒಬ್ಬ ತಾಯಿ ಕೇಳಿದರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು. ಕಾನೂನು ಅವಕಾಶ ಕೊಟ್ಟಿದೆ, ಮನಸ್ಸು ಮಾತ್ರ ಎರಡು ಕಡೆ ಎಳೆಯುತ್ತದೆ.

ವಕೀಲಿ ಶಿಕ್ಷಣದಲ್ಲೂ ಈ ಜಗ್ಗಾಟ ನಡೆದಿದೆ. ಮೂರು ವರ್ಷದ ಎಲ್‌ಎಲ್.ಬಿ.ಗೆ ಮೂವತ್ತು ವರ್ಷದ ಮಿತಿ ಹಾಕಲು ಭಾರತೀಯ ವಕೀಲರ ಪರಿಷತ್ತು ಹೊರಟಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯ ನವನಗರದಲ್ಲೇ ಇದೆ. ಆಸ್ತಿ ವ್ಯಾಜ್ಯದಲ್ಲಿ ಅರ್ಧ ಆಯುಷ್ಯ ಕಳೆದ ಯಾವನಾದರೂ ನಿವೃತ್ತ ಗುಮಾಸ್ತನಿಗೆ ಕಾನೂನು ಓದುವ ಹಂಬಲ ಬಂದರೆ ಅದು ಸಹಜ. ಆದರೆ ಇಲ್ಲಿ ಮನೆಯಲ್ಲಿ ಕೂತು ಓದುವ ಹಾಗಿಲ್ಲ. ಶೇ. 70ರಷ್ಟು ಹಾಜರಿ ಬೇಕೇ ಬೇಕು.

ಈ ಎರಡನ್ನು ಬಿಟ್ಟರೆ ಸೀಟಿನ ಭಯಕ್ಕೆ ಹೆಚ್ಚು ಆಧಾರವಿಲ್ಲ. ಮುಕ್ತ ವಿಶ್ವವಿದ್ಯಾಲಯದಲ್ಲಿ ಒಬ್ಬ ಅಜ್ಜ ಬಂದರೆ ಒಬ್ಬ ಹುಡುಗ ಹೊರಗೆ ನಿಲ್ಲಬೇಕಾಗಿಲ್ಲ. ಐ.ಐ.ಟಿ. ಮದ್ರಾಸ್ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ ಜೆ.ಇ.ಇ. ಬೇಡ, ವಯಸ್ಸಿನ ಮಿತಿಯೂ ಇಲ್ಲ. ಅರ್ಹತಾ ಪರೀಕ್ಷೆ ಪಾಸಾದವರೆಲ್ಲ ಓದಬಹುದು. 2017ರಲ್ಲಿ ಕೇಂದ್ರ ಸರ್ಕಾರ ತೆರೆದ 'ಸ್ವಯಂ' ಜಾಲತಾಣದ ಪಾಠಗಳನ್ನು ಬಿಟ್ಟಿ ಕೇಳಬಹುದು. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷೆಯ ಶುಲ್ಕ. ಇನ್ನು ಸಂಸ್ಕೃತ, ಪ್ರಾಕೃತ, ಶಾಸನಶಾಸ್ತ್ರದಂಥ ವಿಷಯಗಳ ತರಗತಿಗಳಲ್ಲಿ ಬೆಂಚು ತುಂಬಿ ತುಳುಕುತ್ತಿದೆ ಎಂದು ಯಾರೂ ದೂರುತ್ತಿಲ್ಲ. ಹಳೆಯ ತಾಮ್ರಪಟ ಓದಲು ಕಲಿಯಬಯಸುವ ಎಪ್ಪತ್ತರವರನ್ನು ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಯಾರಿಗೆ ನಷ್ಟ?

ಕೆಲವು ದೇಶಗಳಲ್ಲಿ ಅದಕ್ಕೆ ಕಾನೂನೇ ಇದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಅರವತ್ತು ದಾಟಿದ ಅಲ್ಲಿನ ನಿವಾಸಿಗಳು ಸರ್ಕಾರಿ ವಿಶ್ವವಿದ್ಯಾಲಯದ ತರಗತಿಗಳಲ್ಲಿ, ಜಾಗ ಖಾಲಿ ಇದ್ದರೆ, ಬೋಧನಾ ಶುಲ್ಕವಿಲ್ಲದೆ ಕೂತು ಕೇಳಬಹುದು. ಪರೀಕ್ಷೆ ಇಲ್ಲ, ಪದವಿಯೂ ಇಲ್ಲ. ಫ್ರಾನ್ಸಿನ ತುಲೂಸ್ ವಿಶ್ವವಿದ್ಯಾಲಯದಲ್ಲಿ ಪಿಯೇರ್ ವೆಲ್ಲಾ ಎಂಬ ಪ್ರಾಧ್ಯಾಪಕರು 1973ರಲ್ಲಿ ನಿವೃತ್ತರಿಗಾಗಿಯೇ 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ತೆರೆದರು. ಎಂಬತ್ತರ ದಶಕದ ಆರಂಭದಲ್ಲಿ ಅದು ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್‌ನ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮೊದಲಾದವರು ಅದರ ರೂಪವನ್ನೇ ಬದಲಿಸಿದರು. ಅಲ್ಲಿ ಪ್ರಾಧ್ಯಾಪಕರೂ ಬೇಡ, ಕಟ್ಟಡವೂ ಬೇಡ. ನಿವೃತ್ತ ಎಂಜಿನಿಯರ್ ಗಣಿತ ಹೇಳುತ್ತಾನೆ, ನಿವೃತ್ತ ದಾದಿ ಸಸ್ಯಶಾಸ್ತ್ರ ಹೇಳುತ್ತಾಳೆ, ಇಂದು ಹೇಳಿದವರು ನಾಳೆ ಕೇಳುತ್ತಾರೆ.

ಧಾರವಾಡದವರಿಗೆ ಇದು ಅಷ್ಟು ಹೊಸದೆನಿಸುವುದಿಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ದತ್ತಿ ಉಪನ್ಯಾಸಗಳಲ್ಲಿ ಮುಂದಿನ ಸಾಲು ಬಹುಮಟ್ಟಿಗೆ ಬಿಳಿಗೂದಲಿನದೇ. ಭಾಷಣಕಾರರು ಇಸವಿ ತಪ್ಪಿ ಹೇಳಿದರೆ ಆ ಸಾಲಿನಿಂದ ತಿದ್ದುಪಡಿ ಬರುತ್ತದೆ. ಮನೋಹರ ಗ್ರಂಥಮಾಲೆಯ ಅಟ್ಟವಂತೂ ಜಿ. ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರ ಕಾಲದಲ್ಲಿ ಹಾಜರಿ ಪುಸ್ತಕವಿಲ್ಲದ ವಿಶ್ವವಿದ್ಯಾಲಯವಾಗಿತ್ತು. ಬೇರೆ ಬೇರೆ ವಯಸ್ಸಿನವರು ಅಲ್ಲಿ ಒಂದೇ ಚಾಪೆಯ ಮೇಲೆ ಜಗಳಾಡುತ್ತಿದ್ದರು. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹಳ್ಳಿಗಳಿಂದ ಬರುವ ರೈತರನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಬೀಜದ ತಾಕಿನ ಮುಂದೆ ನಿಂತು ವಿಜ್ಞಾನಿಯನ್ನು ಅಡ್ಡಪ್ರಶ್ನೆ ಕೇಳುವ ಎಪ್ಪತ್ತರ ಮುದುಕನಿಗಿಂತ ಚುರುಕಾದ ವಿದ್ಯಾರ್ಥಿ ಎಲ್ಲಿದ್ದಾನೆ? ಇಷ್ಟೆಲ್ಲ ಇದ್ದರೂ ಗುಡ್ಡದ ಮೇಲಿನ ತರಗತಿಗೂ ಗುಡ್ಡದ ಕೆಳಗಿನ ಈ ಜನಕ್ಕೂ ನಡುವೆ ಸಲೀಸಾದ ದಾರಿ ಇಲ್ಲ. ಹಿರಿಯರಿಗೆ ಬೇಡವೆನ್ನುವ ನಿಯಮ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಡಿಮೆ. ಬನ್ನಿ ಎಂದು ಕರೆಯುವ ದನಿ ಇನ್ನೂ ಕಡಿಮೆ.

ಮೊಮ್ಮಕ್ಕಳ ಕೆಲಸ

ಓದಬೇಕೆಂದು ನಿರ್ಧರಿಸಿದ ಹಿರಿಯರಿಗೆ ಮೊದಲು ಎದುರಾಗುವುದು ಪಾಠವಲ್ಲ, ಕಾಗದಪತ್ರ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮದುವೆಯಾಗಿ ಅಡ್ಡಹೆಸರು ಬದಲಾದ ತಾಯಂದಿರಿಗೆ ಈ ಗೋಳು ಹೆಚ್ಚು. ಅಫಿಡವಿಟ್ ಮಾಡಿಸಬೇಕು. ಐವತ್ತು ವರ್ಷ ಹಿಂದಿನ ಅಂಕಪಟ್ಟಿ ಟ್ರಂಕಿನ ತಳದಲ್ಲಿ ಮಡಿಕೆ ಹರಿದು ಕೂತಿರುತ್ತದೆ. ಸಾಲದ್ದಕ್ಕೆ 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಯು.ಜಿ.ಸಿ.ಯ ಜಾಲತಾಣದಲ್ಲಿ 'ಡೆಬ್ ಐ.ಡಿ.' ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲು 'ಎ.ಬಿ.ಸಿ. ಐ.ಡಿ.' ಬೇಕು. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲು ಬೇಕು. ಆ ಮೊಬೈಲಿಗೆ ಓ.ಟಿ.ಪಿ. ಬರುತ್ತದೆ. ಕನ್ನಡಕ ಹುಡುಕಿ ಅದನ್ನು ಓದುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ!

ಮನೆಯ ವಿದ್ಯಾರ್ಥಿ ಕೈಹಾಕಬೇಕಾದದ್ದು ಇಲ್ಲಿ. ಹತ್ತು ನಿಮಿಷದ ಕೆಲಸ. ಬೈಯದೆ ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮುಂದಿನ ತೊಡಕು ಬರವಣಿಗೆ. ಹಿರಿಯರಿಗೆ ವಿಷಯ ತಿಳಿಯುವುದು ಕಷ್ಟವಲ್ಲ. ಸಮಾಜಶಾಸ್ತ್ರದ ಪುಸ್ತಕದಲ್ಲಿರುವ ಅವಿಭಕ್ತ ಕುಟುಂಬ ಅವರು ಬಾಳಿ ಬಂದದ್ದು. ಇತಿಹಾಸದ ಏಕೀಕರಣ ಅವರ ಬಾಲ್ಯದ ಮೆರವಣಿಗೆ. ಕಷ್ಟವಿರುವುದು ಮೂರು ತಾಸು ಒಂದೇ ಸಮನೆ ಕೈಯಲ್ಲಿ ಬರೆಯುವುದು. ಬೆರಳು ಸೆಟೆಯುತ್ತದೆ, ಅಕ್ಷರ ನಡುಗುತ್ತದೆ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬರೆದುಕೊಡುವ ಸಹಾಯಕರು ಸಿಗುವುದಿಲ್ಲ, ಆ ಸವಲತ್ತು ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ. ಪರೀಕ್ಷೆಗೆ ಎರಡು ತಿಂಗಳ ಮೊದಲಿನಿಂದ ದಿನಕ್ಕೆ ನಾಲ್ಕು ಪುಟ ಬರೆದು ಕೈ ಪಳಗಿಸಿಕೊಳ್ಳುವುದೊಂದೇ ದಾರಿ. ಇನ್ನು ಪರೀಕ್ಷಾ ಕೊಠಡಿ ಎರಡನೆಯ 'ಮಾಳಿಗೆ'ಯಲ್ಲಿದ್ದರೆ ಮಂಡಿಯ ಪರೀಕ್ಷೆ ಮೊದಲು ಆಗುತ್ತದೆ. ಕೆಳಗಿನ ಕೋಣೆ ಬೇಕೆಂದು ಕೇಂದ್ರದವರಿಗೆ ಮೊದಲೇ ಅರ್ಜಿ ಕೊಟ್ಟು ನೋಡಬಹುದು. ಕೇಳಲು ಸಂಕೋಚಪಡುವ ಹಿರಿಯರ ಪರವಾಗಿ ಮಗನೋ ಮಗಳೋ ಕೇಳಬೇಕು.

ಇದರ ಬದಲಿಗೆ ಮಕ್ಕಳಿಗೂ ಸಿಗುವುದಿದೆ. ಒಂದೇ ಮೇಜಿಗೆ ಎರಡು ತಲೆಮಾರು ಓದಲು ಕೂತರೆ ಟಿ.ವಿ. ತಾನಾಗಿ ಸಣ್ಣಗಾಗುತ್ತದೆ. "ಓದಲೇ, ಓದಲೇ" ಎಂದು ಬೆನ್ನು ಹತ್ತುತ್ತಿದ್ದ ಅಜ್ಜ ತಾನೇ ಪ್ರಶ್ನೆಪತ್ರಿಕೆಯ ಮುಂದೆ ಬೆವರಿದ ಮೇಲೆ ಮೊಮ್ಮಗನ ಕಡಿಮೆ ಅಂಕದ ಬಗ್ಗೆ ಮೊದಲಿನಷ್ಟು ಜೋರಾಗಿ ಮಾತಾಡುವುದಿಲ್ಲ. ಅದು ಲಾಭವೋ ನಷ್ಟವೋ ತಂದೆತಾಯಿಗಳೇ ಹೇಳಬೇಕು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು. ಈಗ ಅವಳಿನಗರದ ನಡುವೆ ಚಿಗರಿ ಬಸ್ಸು ಓಡುತ್ತದೆ. ಪರೀಕ್ಷೆಯ ದಿನ ಅದರಲ್ಲಿ ಕೂತ ಹಿರಿಯರ ಕೈಚೀಲದಲ್ಲಿ ಹಾಲ್ ಟಿಕೆಟ್, ಎರಡು ಪೆನ್ನು, ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಮಧ್ಯಾಹ್ನದ ಗುಳಿಗೆ. ಕೇಂದ್ರದ ಗೇಟಿನಲ್ಲಿ ಕಾವಲುಗಾರ "ಪಾಲಕರು ಹೊರಗ ನಿಲ್ರಿ" ಎಂದು ತಡೆದರೆ ಆಶ್ಚರ್ಯವಿಲ್ಲ, ಹಾಲ್ ಟಿಕೆಟ್ ತೋರಿಸಿದರಾಯಿತು. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಮೊಮ್ಮಗನನ್ನು ಬಿಟ್ಟು ಇದೇ ಥರದ ಗೇಟಿನ ಹೊರಗೆ ಮರದ ನೆರಳಿನಲ್ಲಿ ಕಾದಿದ್ದ ಅಜ್ಜ ಈಗ ಒಳಗೆ, ಮೊಮ್ಮಗ ಹೊರಗೆ. ಮೂರು ತಾಸಿನ ಮೇಲೆ ಗಂಟೆ ಬಾರಿಸುತ್ತದೆ.

"ಪೇಪರ್ ಹೆಂಗಿತ್ತಜ್ಜಾ?"

"ಛಲೋ ಇತ್ತೋ. ಆ ಮೂರನೇ ಪ್ರಶ್ನಿ ಒಂದು ಸಿಲೆಬಸ್ಸಿನ್ಯಾಗ ಇರಲಿಲ್ಲ ನೋಡು."